ಎರೆಹೊಲದ ರೊಟ್ಟಿ, ಪೇಟೆಯ ಹೆಸರು

ಒಂದು ತಿನಿಸಿನ ಮುಂದೆ ಊರಿನ ಹೆಸರು ಸೇರಿಕೊಂಡರೆ ಆ ತಿನಿಸು ಹುಟ್ಟಿದ್ದು ಆ ಊರಿನಲ್ಲೇ ಎಂದು ಭಾವಿಸುವುದು ವಾಡಿಕೆ. ಆದರೆ ಆ ಹೆಸರು ಬಹಳಷ್ಟು ಸಲ ತಿಳಿಸುವುದು ಅದನ್ನು ಕಟ್ಟಿ ಮಾರಿದ ಪೇಟೆ ಯಾವುದೆಂಬುದನ್ನು ಮಾತ್ರ. ಧಾರವಾಡದ ಹೆಸರು ಹೊತ್ತ ಫೇಡೆಯನ್ನು ಅಲ್ಲಿ ಬಳಕೆಗೆ ತಂದ ಠಾಕೂರ ಮನೆತನ ಉತ್ತರ ಪ್ರದೇಶದ ಉನ್ನಾವದ ಕಡೆಯಿಂದ ವಲಸೆ ಬಂದದ್ದು. ಸೊಲ್ಲಾಪುರದ ಶೇಂಗಾ ಚಟ್ನಿ ಮತ್ತು ಖಡಕ್ ರೊಟ್ಟಿಯ ಕಥೆ ಇದಕ್ಕೆ ತಿರುವುಮುರುವು. ಅಲ್ಲಿ ತಿನಿಸು ಹೊರಗಿನಿಂದ ಪೇಟೆಗೆ ಬಂದು ನೆಲೆಸಿದ್ದಲ್ಲ. ಭೀಮಾ ನದಿಯ ಎರಡೂ ದಡಗಳಲ್ಲಿ, ಇಂಡಿ, ಅಫಜಲಪುರ, ಆಳಂದ, ಅಕ್ಕಲಕೋಟೆ, ಮಂಗಳವೇಢೆ, ಜತ್ತಗಳ ನೂರಾರು ಹಳ್ಳಿಗಳಲ್ಲಿ ದಿನನಿತ್ಯದ ಊಟವಾಗಿದ್ದುದಕ್ಕೆ ರೈಲು, ಗಿರಣಿ, ಜಾತ್ರೆಗಳಿದ್ದ ಒಂದು ಪಟ್ಟಣ ತನ್ನ ಹೆಸರನ್ನು ಕೊಟ್ಟಿತು.

ಊರುತಿನಿಸುಗಳ ಈ ವ್ಯವಹಾರ ತೀರಾ ಎದ್ದು ಕಾಣುವ ದೇಶಗಳಲ್ಲಿ ಫಿಲಿಪ್ಪೀನ್ಸ್ ಒಂದು. ಪ್ರಯಾಣ ಮುಗಿಸಿ ಮನೆಗೆ ಮರಳುವವರು ನೆಂಟರಿಷ್ಟರಿಗಾಗಿ ತರುವ ಕಾಣಿಕೆಗೆ ಅಲ್ಲಿ 'ಪಸಲುಬೊಂಗ್' ಎಂದು ಹೆಸರು. ಲೋಸ್ ಬಾನ್ಯೋಸ್ ಪಟ್ಟಣದಿಂದ ಎಳೆಗಾಯಿಯ ಕೊಬ್ಬರಿ ತುಂಬಿದ 'ಬುಕೊ ಪೈ', ಕಬ್ಬಿಗೆ ಹೆಸರಾದ ನೀಗ್ರೋಸ್ ದ್ವೀಪದ ಬಾಕೊಲೋಡ್‌ನಿಂದ ಕರಿಸಕ್ಕರೆಯ ಹೂರಣವಿಟ್ಟು ಕಾವಲಿಯ ಮೇಲೆ ಬೇಯಿಸಿದ 'ಪಿಯಾಯ', ಹೀಗೆ ಯಾವ ಊರಿಗೆ ಹೋದರೆ ಏನನ್ನು ತರಬೇಕೆಂಬುದು ಅಲ್ಲಿ ಬಹುತೇಕ ಕಟ್ಟಳೆಯಂತೆ ನಿಗದಿಯಾಗಿದೆ. ತೆಂಗಿರುವಲ್ಲಿ ಎಳೆಗಾಯಿಯ ತಿನಿಸು, ಕಬ್ಬಿರುವಲ್ಲಿ ಸಕ್ಕರೆಯ ತಿನಿಸು ಎಂಬಷ್ಟಕ್ಕೆ ಈ ಲೆಕ್ಕ ಸರಳವಾಗಿ ಕಂಡರೂ, ತೆಂಗು ದ್ವೀಪಸಮೂಹದ ಉದ್ದಕ್ಕೂ ಇರುವಾಗ ಒಂದೇ ಪಟ್ಟಣಕ್ಕೆ ಅದರ ಹೆಸರು ಏಕೆ ಅಂಟಿತೆಂದು ಕೇಳಿದರೆ, ಅಲ್ಲಿಯೂ ಬಸ್ಸು ನಿಲ್ಲುವ ಹೆದ್ದಾರಿ, ಕೃಷಿ ಕಾಲೇಜು, ಕೊಳ್ಳುವ ಗಿರಾಕಿಗಳೆಲ್ಲ ಲೆಕ್ಕದೊಳಗೆ ಬರುತ್ತವೆ. ಸೊಲ್ಲಾಪುರಕ್ಕೂ ಇದೇ ಪ್ರಶ್ನೆಯನ್ನು ಕೇಳಬೇಕಾಗುತ್ತದೆ, ಆದರೆ ಅದಕ್ಕೆ ಮುಂಚೆ ನೆಲವನ್ನು ನೋಡಬೇಕು.

ಸೊಲ್ಲಾಪುರ ಸಹ್ಯಾದ್ರಿಯ ಮಳೆನೆರಳಿನ ಜಿಲ್ಲೆ; ಪಶ್ಚಿಮದ ಮೋಡಗಳು ಘಟ್ಟದಲ್ಲೇ ಬರಿದಾಗಿ ಬರುವುದರಿಂದ ವರ್ಷದ ಸರಾಸರಿ ಮಳೆ 550 ಮಿಲಿಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತದೆ, ಅದೂ ಮುಂಗಾರಿನ ಆರಂಭಕ್ಕಿಂತ ಕೊನೆಯಲ್ಲಿ, ಉತ್ತರಿ ಮತ್ತು ಹಸ್ತ ನಕ್ಷತ್ರಗಳ ಮಳೆಯಾಗಿ, ಹೆಚ್ಚು ನಂಬಿಕೆಗೆ ಅರ್ಹವಾಗಿ ಬೀಳುತ್ತದೆ. ಆ ಮಳೆಯನ್ನು ಹಿಡಿದಿಡುವುದು ಎರೆಮಣ್ಣು, ಎಂದರೆ ಹಸಿಯಾದಾಗ ಉಬ್ಬಿ ಒಣಗಿದಾಗ ಆಳವಾಗಿ ಬಿರಿಯುವ ಕಪ್ಪು ಜೇಡಿಮಣ್ಣು. ರೈತರು ಮಳೆ ನಿಂತ ಮೇಲೆ ಬಿತ್ತಿ, ಮಣ್ಣಿನೊಳಗಿನ ತೇವ ಮತ್ತು ಚಳಿಗಾಲದ ಇಬ್ಬನಿಯ ಆಸರೆಯಲ್ಲೇ ಬೆಳೆ ತೆಗೆಯುವ ಪದ್ಧತಿಗೆ ಹಿಂಗಾರಿ ಎನ್ನುತ್ತಾರೆ. ಈ ಸೀಮೆ ಒಂದೇ ಎಂಬುದನ್ನು ವಸಾಹತು ಸರ್ಕಾರವೂ ಕಂಡುಕೊಂಡಿತ್ತು: ಒಣಬೇಸಾಯದ ಅಧ್ಯಯನಕ್ಕಾಗಿ ಇಂಪೀರಿಯಲ್ ಕೃಷಿ ಸಂಶೋಧನಾ ಪರಿಷತ್ತು 1933ರಿಂದ 1935ರೊಳಗೆ ತೆರೆದ ಐದು ಕೇಂದ್ರಗಳಲ್ಲಿ ರೋಹ್ತಕ್ ಒಂದನ್ನು ಬಿಟ್ಟರೆ ಉಳಿದ ನಾಲ್ಕೂ, ಅಂದರೆ ಸೊಲ್ಲಾಪುರ, ವಿಜಯಪುರ, ರಾಯಚೂರು ಮತ್ತು ಬಳ್ಳಾರಿ ಬಳಿಯ ಹಗರಿ, ದಖ್ಖನಿನ ಇದೇ ಎರೆಪಟ್ಟಿಯಲ್ಲಿದ್ದವು.

ಈ ನೆಲದ ಮುಖ್ಯ ಧಾನ್ಯ ಬಿಳಿಜೋಳ, ಅದರ ಒಳ್ಳೆಯ ತಳಿಯ ಹೆಸರು ಮಾಲದಂಡಿ. ಸೊಲ್ಲಾಪುರ ಜಿಲ್ಲೆಯ ಮೋಹೋಳದ ಸಂಶೋಧನಾ ಕೇಂದ್ರದಲ್ಲಿ ನಾಡತಳಿಯಿಂದ ಆರಿಸಿ 1930ರ ದಶಕದಲ್ಲಿ ರೂಪಿಸಿದ 'ಎಂ 35-1' ಎಂಬ ಮಾಲದಂಡಿ, ಎಂಟು ದಶಕಗಳಲ್ಲಿ ಬಂದುಹೋದ ಹತ್ತಾರು ಸಂಕರ ತಳಿಗಳನ್ನು ಮೀರಿ, ಇಂದಿಗೂ ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕಗಳ ಹಿಂಗಾರಿ ಹೊಲಗಳಲ್ಲಿ ಉಳಿದುಕೊಂಡಿರುವುದು ಸಸ್ಯತಳಿಶಾಸ್ತ್ರದಲ್ಲಿ ಅಪರೂಪದ ಸಂಗತಿ. ಇದಕ್ಕೆ ಕಾರಣಗಳು ಎರಡು: ಬರ ತಡೆಯುವ ಗುಣ ಒಂದು, ಮುತ್ತಿನ ಹೊಳಪಿನ ದಪ್ಪ ಕಾಳು ಮತ್ತು ಅದರಿಂದ ಬರುವ ರೊಟ್ಟಿಯ ರುಚಿ ಇನ್ನೊಂದು, ದನಗಳು ಇಷ್ಟಪಟ್ಟು ತಿನ್ನುವ ಕಣಕಿಯನ್ನು, ಅಂದರೆ ಒಣಗಿದ ಜೋಳದ ದಂಟನ್ನು, ಮೂರನೆಯ ಕಾರಣವೆಂದು ರೈತರು ಸೇರಿಸುತ್ತಾರೆ, ಬರಗಾಲದ ವರ್ಷಗಳಲ್ಲಿ ಅದೇ ಮೊದಲನೆಯದಾಗುತ್ತದೆ. ಕಲಚುರಿ ಬಿಜ್ಜಳನ ಕಾಲದ ರಾಜಧಾನಿಯಾಗಿ ವಚನಸಾಹಿತ್ಯದ ಓದುಗರಿಗೆ ಪರಿಚಿತವಾದ ಮಂಗಳವೇಢೆಯನ್ನು ಜನ 'ಜೋಳದ ಕಣಜ' ಎಂದೇ ಕರೆಯುತ್ತ ಬಂದಿದ್ದಾರೆ. 15ನೇ ಶತಮಾನದಲ್ಲಿ ಬೀದರಿನ ಸುಲ್ತಾನನ ಅಧಿಕಾರಿಯಾಗಿದ್ದ ಸಂತ ದಾಮಾಜಿ ಬರಗಾಲದಲ್ಲಿ ಸರ್ಕಾರಿ ಕಣಜದ ಬಾಗಿಲು ತೆರೆದು ಹಸಿದವರಿಗೆ ಧಾನ್ಯ ಹಂಚಿದನೆಂದೂ, ಅದರ ಹಣವನ್ನು ಪಂಢರಪುರದ ವಿಠ್ಠಲನೇ ವೇಷ ಮರೆಸಿಕೊಂಡು ಹೋಗಿ ತೀರಿಸಿದನೆಂದೂ ಹೇಳುವ ಐತಿಹ್ಯ ಆ ಊರಿನದು. ಕಥೆಯ ಪವಾಡವನ್ನು ಬದಿಗಿಟ್ಟರೂ, ಬರಗಾಲದಲ್ಲಿ ಹಂಚುವಷ್ಟು ಧಾನ್ಯ ಕೂಡಿಡಬಲ್ಲ ನೆಲ ಅದಾಗಿತ್ತೆಂಬುದು ಕಥೆಯೊಳಗೇ ಇದೆ.

ಜೋಳದ ಹಿಟ್ಟಿನಲ್ಲಿ ಗೋಧಿಯಲ್ಲಿರುವ ಗ್ಲುಟೆನ್, ಎಂದರೆ ಹಿಟ್ಟನ್ನು ಎಳೆದರೆ ಹರಿಯದಂತೆ ಹಿಡಿದಿಡುವ ಅಂಟು ಪ್ರೋಟೀನು, ಇರುವುದಿಲ್ಲ. ಆದ್ದರಿಂದಲೇ ಹಿಟ್ಟಿಗೆ ಕುದಿಯುವ ಎಸರನ್ನು ಹಾಕಿ, ಪಿಷ್ಟದ ಒಂದಷ್ಟು ಭಾಗವನ್ನು ಬೇಯಿಸಿ ಅಂಟಾಗಿಸಿ, ಬಳಿಕ ಅಂಗೈಯಿಂದ ಚೆನ್ನಾಗಿ ನಾದಬೇಕಾಗುತ್ತದೆ. ಈ ಸೀಮೆಯಲ್ಲಿ ರೊಟ್ಟಿಯನ್ನು ಲಟ್ಟಿಸುವುದಿಲ್ಲ, ಬಡಿಯುತ್ತಾರೆ: ಒಣಹಿಟ್ಟು ಉದುರಿಸಿದ ಹಲಗೆಯ ಮೇಲೆ ಉಂಡೆಯನ್ನಿಟ್ಟು ಅಂಗೈಯಿಂದ ತಟ್ಟುತ್ತ ತಿರುಗಿಸುತ್ತ ಹೋದಂತೆ ಅದು ಹಿಗ್ಗುತ್ತದೆ, ಹಂಚಿನ ಮೇಲೆ ಹಾಕಿದ ಬಳಿಕ ಮೇಲ್ಭಾಗಕ್ಕೆ ನೀರು ಸವರಿ ತಿರುವಿ ಹಾಕಿದಾಗ ಒಳಗಿನ ಹಬೆ ಅದನ್ನು ಉಬ್ಬಿಸುತ್ತದೆ. ಆಗಲೇ ತಿಂದರೆ ಬಿಸಿರೊಟ್ಟಿ. ಅದನ್ನೇ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಉಪ್ಪು, ಎಣ್ಣೆಯೊಂದಿಗೆ ಬಿಸಿಯಿರುವಾಗಲೇ ಕುಟ್ಟಿ ಹಿಡಿಯಲ್ಲಿ ಮುದ್ದೆ ಮಾಡಿದರೆ ಮುಟಗಿ. ಇನ್ನೂ ತೆಳ್ಳಗೆ ಬಡಿದು, ಸಣ್ಣ ಉರಿಯಲ್ಲಿ ತೇವವೆಲ್ಲ ಆರುವವರೆಗೂ ಬಿಟ್ಟು ಮುರಿದರೆ ಸದ್ದಾಗುವಂತೆ ಒಣಗಿಸಿದರೆ ಖಡಕ್ ರೊಟ್ಟಿ. ಬೂಷ್ಟು ಬೆಳೆಯಲು ಬೇಕಾದ ನೀರೇ ಇಲ್ಲದ್ದರಿಂದ ಇದು ವಾರಗಟ್ಟಲೆ ಕೆಡದೆ ಉಳಿಯುತ್ತದೆ. ಸುಗ್ಗಿಯಲ್ಲಿ ಹೊಲದಲ್ಲೇ ಉಳಿಯುವವರಿಗೆ, ದನಗಳೊಂದಿಗೆ ಸಂತೆಯಿಂದ ಸಂತೆಗೆ ಹೋಗುವವರಿಗೆ, ಪಂಢರಪುರಕ್ಕೋ ಶ್ರೀಶೈಲಕ್ಕೋ ಕಾಲ್ನಡಿಗೆಯಲ್ಲಿ ಹೊರಟವರಿಗೆ ಬುತ್ತಿಯಾಗಿ ಒದಗಿದ್ದು ಇದೇ. ಇಂದು ಪೇಟೆಯ ಅಂಗಡಿಯಲ್ಲಿ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಜೋಡಿಸಿಟ್ಟಿರುವ ಖಡಕ್ ರೊಟ್ಟಿಯನ್ನು ಹೊಸ ಕಾಲದ ಆರೋಗ್ಯತಿಂಡಿಯೆಂದು ವರ್ಣಿಸುವವರಿದ್ದಾರೆ. ಅದು ಮೊದಲಿನಿಂದಲೂ ದೂರಕ್ಕೆ ಒಯ್ಯಲೆಂದೇ ಮಾಡಿದ ಆಹಾರವಾದ್ದರಿಂದ ಪೊಟ್ಟಣಕ್ಕೆ ಅಷ್ಟು ಸುಲಭವಾಗಿ ಒಗ್ಗಿಕೊಂಡಿತೆನ್ನುವುದು ಹೆಚ್ಚು ಸರಿ.

ರೊಟ್ಟಿಯ ಜೊತೆಗಾರನಾದ ಶೇಂಗಾ ಚಟ್ನಿಯ ವಿಚಾರ ಇಷ್ಟು ನೇರವಾಗಿಲ್ಲ. ಹುರಿದು ಸಿಪ್ಪೆ ತೆಗೆದ ಶೇಂಗಾಕಾಳಿಗೆ ಒಣಮೆಣಸಿನಕಾಯಿಯ ಖಾರ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಸೇರಿಸಿ ಒರಳಿನಲ್ಲಿ ಒನಕೆಯಿಂದ ಕುಟ್ಟುವುದು ಅದರ ಪದ್ಧತಿ. ಕನ್ನಡ ಮನೆಗಳಲ್ಲಿ ಇದನ್ನು ಶೇಂಗಾ ಹಿಂಡಿ ಎಂದೂ ಕರೆಯುತ್ತಾರೆ. ಶೇಂಗಾಕಾಳಿನ ತೂಕದ ಅರ್ಧದಷ್ಟು ಎಣ್ಣೆಯೇ ಇರುವುದರಿಂದ, ಕುಟ್ಟುವ ಪೆಟ್ಟಿಗೆ ಅದು ನಿಧಾನವಾಗಿ ಹೊರಬಂದು ಖಾರಕ್ಕೂ ಬೆಳ್ಳುಳ್ಳಿಗೂ ಮೆತ್ತಿಕೊಂಡು, ಪುಡಿಯೂ ಅಲ್ಲದ ಮುದ್ದೆಯೂ ಅಲ್ಲದ ಒಂದು ಹದಕ್ಕೆ ಬರುತ್ತದೆ. ಮಿಕ್ಸರಿನ ಅಲಗು ಕಾಳನ್ನು ಕತ್ತರಿಸುತ್ತದೆಯೇ ಹೊರತು ಜಜ್ಜುವುದಿಲ್ಲ, ಆದ್ದರಿಂದ ಆ ಹದ ಅದರಲ್ಲಿ ಸಿಗುವುದಿಲ್ಲ. ಸೊಲ್ಲಾಪುರದ ವ್ಯಾಪಾರಿಗಳು ಚಟ್ನಿ ಕುಟ್ಟಲು ಒನಕೆಯಂತೆಯೇ ಏಳುತ್ತ ಬೀಳುತ್ತ ಪೆಟ್ಟು ಹಾಕುವ ಯಂತ್ರಗಳನ್ನು ಬಳಸುವುದು ಈ ಕಾರಣಕ್ಕೆ.

ಆದರೆ ಇಷ್ಟು ಹಳೆಯದೆಂದು ಕಾಣುವ ಈ ಚಟ್ನಿ ಹಳೆಯದಾಗಿರಲು ಸಾಧ್ಯವಿಲ್ಲ. ಶೇಂಗಾ ದಕ್ಷಿಣ ಅಮೆರಿಕದ ಬೆಳೆ, ಮೆಣಸಿನಕಾಯಿ ಮೆಕ್ಸಿಕೊ ಕಡೆಯದು. ಎರಡೂ 16ನೇ ಶತಮಾನಕ್ಕೆ ಮುನ್ನ ಏಷ್ಯಾದಲ್ಲಿ ಇರಲಿಲ್ಲ. ಮೆಕ್ಸಿಕೊದ ಅಕಾಪುಲ್ಕೊ ಬಂದರಿಗೂ ಫಿಲಿಪ್ಪೀನ್ಸಿನ ಮನಿಲಾಕ್ಕೂ ನಡುವೆ 1565ರಿಂದ 1815ರವರೆಗೆ ಓಡಾಡಿದ ಸ್ಪೇನಿನ ವ್ಯಾಪಾರಿ ಹಡಗುಗಳು ಅಮೆರಿಕದ ಬೆಳೆಗಳನ್ನು ಪೂರ್ವ ಏಷ್ಯಾಕ್ಕೆ ತಂದ ದಾರಿಗಳಲ್ಲಿ ಒಂದು. ತಮಿಳರು ಶೇಂಗಾಕ್ಕೆ 'ಮಣಿಲಾಕ್ಕೊಟ್ಟೈ' ಎನ್ನುವುದೂ, ಫಿಲಿಪ್ಪೀನ್ಸಿನ 'ಕರೆ-ಕರೆ' ಎಂಬ ಮಾಂಸದ ಸಾರು ಶೇಂಗಾ ಅರೆದು ಹಾಕದೆ ಗಟ್ಟಿಯಾಗದಿರುವುದೂ ಆ ಪ್ರಯಾಣದ ಗುರುತುಗಳು. ದಖ್ಖನಿನ ಹೊಲಗಳಲ್ಲಿ ಶೇಂಗಾ ದೊಡ್ಡ ಪ್ರಮಾಣದ ವಾಣಿಜ್ಯ ಬೆಳೆಯಾದದ್ದು 19ನೇ ಶತಮಾನದ ಉತ್ತರಾರ್ಧದಿಂದೀಚೆಗೆ. ಅದಕ್ಕೂ ಮುಂಚೆ ಈ ಸೀಮೆಯ ಎಣ್ಣೆ ಬರುತ್ತಿದ್ದುದು ಕುಸುಬಿ, ಎಳ್ಳು, ಅಗಸೆ, ಗುರೆಳ್ಳುಗಳಿಂದ. ಜೋಳದ ಹೊಲದ ಅಂಚಿನಲ್ಲಿ ದನ ನುಗ್ಗದಂತೆ ಮುಳ್ಳಿನ ಕುಸುಬಿಯನ್ನು ಸಾಲು ಹಾಕುವ ರೂಢಿ ಇನ್ನೂ ಪೂರ್ತಿ ಅಳಿದಿಲ್ಲ. ಗುರೆಳ್ಳಿನ ಕಪ್ಪು ಹಿಂಡಿ, ಅಗಸೆಯ ಕಂದು ಹಿಂಡಿಗಳೇ ರೊಟ್ಟಿಯ ಹಿರಿಯ ಸಂಗಾತಿಗಳೆಂದು ಊಹಿಸುವುದಕ್ಕೆ ಅಡ್ಡಿಯಿಲ್ಲ. ಕಿರಿಯದಾದ ಶೇಂಗಾ ಚಟ್ನಿ ಊರಿನ ಹೆಸರನ್ನು ಗಿಟ್ಟಿಸಿಕೊಂಡಿತು, ಹಿರಿಯವು ಊರ ಹೆಸರಿಲ್ಲದೆ ಮನೆಯ ಡಬ್ಬಿಗಳಲ್ಲೇ ಉಳಿದವು. ಜೋಳವಾದರೂ ಈ ಮಣ್ಣಿನಲ್ಲೇ ಹುಟ್ಟಿದ್ದಲ್ಲ. ಅದು ಆಫ್ರಿಕದ ಸುಡಾನ್ ಸೀಮೆಯಲ್ಲಿ ಪಳಗಿ ಕ್ರಿಸ್ತಪೂರ್ವ 2ನೇ ಸಹಸ್ರಮಾನದ ಹೊತ್ತಿಗೆ ಭಾರತಕ್ಕೆ ಬಂದದ್ದು.

ಸಿಹಿಯ ಸಾಲಿನಲ್ಲಿ ಶೇಂಗಾ ಹೋಳಿಗೆಗೆ ಮೊದಲ ಸ್ಥಾನ. ಹುರಿದ ಶೇಂಗಾ ಮತ್ತು ಎಳ್ಳಿನ ಪುಡಿಗೆ ಬೆಲ್ಲ, ಏಲಕ್ಕಿ ಕಲಸಿ ತುಂಬುವ ಈ ಹೋಳಿಗೆಯ ಹೂರಣದಲ್ಲಿ ನೀರಿನ ಅಂಶವಿಲ್ಲದ್ದರಿಂದ ಅದು ಹಲವಾರು ದಿನ ತಾಳುತ್ತದೆ, ಬೇಯಿಸಿದ ಕಡಲೆಬೇಳೆಯ ಹೂರಣದ ಹೋಳಿಗೆ ಎರಡನೆಯ ದಿನಕ್ಕೇ ಹಳಸುತ್ತದೆ. ಹೀಗಾಗಿ ಮೊದಲನೆಯದು ಬುತ್ತಿಗೂ ಅಂಗಡಿಗೂ ಸಲ್ಲುತ್ತದೆ, ಎರಡನೆಯದು ಕಟ್ಟಿನ ಸಾರಿನೊಂದಿಗೆ ಹಬ್ಬದ ಎಲೆಗೆ ಮಾತ್ರ. ಇದೇ ಕಾರಣಕ್ಕೆ ಪೇಟೆಯ ಹೆಸರು ಹೊರದ ಮತ್ತೊಂದು ಅಡುಗೆ ಗೋಧಿ ಹುಗ್ಗಿ. ಗೋಧಿಯನ್ನು, ಸಿಕ್ಕರೆ ಗಡುಸು ಹೊಟ್ಟಿನ ಜವೆಗೋಧಿಯನ್ನು, ನೆನೆಸಿ ಕುಟ್ಟಿ ಹೊಟ್ಟು ತೆಗೆದು, ಕಾಳು ಅರಳುವವರೆಗೂ ಬೇಯಿಸಿ ಬೆಲ್ಲ ಹಾಕಿ ಮಾಡುವ ಹುಗ್ಗಿಯನ್ನು ಹತ್ತು ಜನಕ್ಕೆ ಮಾಡುವುದಕ್ಕಿಂತ ಸಾವಿರ ಜನಕ್ಕೆ ಮಾಡುವುದೇ ಸುಲಭವೆನಿಸುವಂತಿದೆ. ಹೋಟಗಿಯ ಬೃಹನ್ಮಠದಿಂದ ಹಿಡಿದು ಅಕ್ಕಲಕೋಟೆ ತಾಲೂಕಿನ ಸಣ್ಣ ಸಣ್ಣ ಮಠಗಳವರೆಗೆ ಜಾತ್ರೆಯ ದಾಸೋಹದಲ್ಲಿ, ಅಂದರೆ ಬಂದವರಿಗೆಲ್ಲ ಭೇದವಿಲ್ಲದೆ ಬಡಿಸುವ ಊಟದಲ್ಲಿ, ಕೊಪ್ಪರಿಗೆಗಟ್ಟಲೆ ಹುಗ್ಗಿ ಬೇಯುತ್ತದೆ. ಮರಾಠಿ ಮಾತಾಡುವವರೂ ಅದನ್ನು ಹುಗ್ಗಿ ಎಂದೇ ಕರೆದು ಉಣ್ಣುತ್ತಾರೆ.

ಹೊಲದಲ್ಲೇ ಉಣ್ಣುವ ಊಟಗಳನ್ನು ಬಿಟ್ಟು ಈ ಸೀಮೆಯ ತಿನಿಸಿನ ಮಾತು ಪೂರ್ಣವಾಗದು. ಡಿಸೆಂಬರ್-ಜನವರಿಯಲ್ಲಿ ತೆನೆಯ ಕಾಳು ಹಾಲುಗಟ್ಟಿ ಇನ್ನೂ ಬಲಿಯದಿರುವಾಗ ಅದನ್ನು ಮುರಿದು, ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ ತೂರಿದರೆ ಸಿಗುವ ಹಸಿರು ಕಾಳಿಗೆ ಕನ್ನಡದಲ್ಲಿ ಸೀತನಿ, ಮರಾಠಿಯಲ್ಲಿ ಹುರಡಾ. ಇದಕ್ಕೆಂದೇ ಸಿಹಿಯಾದ, ಸುಲಭವಾಗಿ ಉದುರುವ ಜೋಳದ ತಳಿಗಳನ್ನು ಒಂದೆರಡು ಸಾಲು ಬಿತ್ತುವುದುಂಟು. ಶೇಂಗಾ ಚಟ್ನಿ, ಮೊಸರು, ಬೆಲ್ಲದೊಂದಿಗೆ ತಿನ್ನುವ ಈ ಸೀತನಿಯ ರುಚಿ ಸುಟ್ಟ ಅರ್ಧ ತಾಸಿನಲ್ಲೇ ಇಳಿದುಹೋಗುವುದರಿಂದ ತಿನ್ನುವವರೇ ಹೊಲಕ್ಕೆ ಹೋಗಬೇಕು. ಪುಣೆಯವರಿಗಾಗಿ ವಾರಾಂತ್ಯದ 'ಹುರಡಾ ಪಾರ್ಟಿ' ನಡೆಸುವ ತೋಟಗಳು ಹುಟ್ಟಿಕೊಂಡಿರುವುದೂ ಈ ಕಾರಣಕ್ಕೇ. ಅದೇ ದಿನಗಳಲ್ಲಿ, ಮಾರ್ಗಶಿರದ ಕೊನೆಗೆ, ಎಳ್ಳ ಅಮಾವಾಸ್ಯೆ ಬರುತ್ತದೆ. ಹೊಲದ ನಡುವೆ ಐದು ಕಲ್ಲುಗಳನ್ನು ಪಾಂಡವರೆಂದು ನೆಟ್ಟು ಪೂಜಿಸಿ, ಎಡೆಯನ್ನು ಬೆಳೆಯ ಮೇಲೆಲ್ಲ ಎರಚುವುದಕ್ಕೆ ಚರಗ ಚೆಲ್ಲುವುದೆಂದು ಹೆಸರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹತ್ತಾರು ಸೊಪ್ಪು-ಕಾಳು-ಕಾಯಿಗಳನ್ನು ಹಿಟ್ಟಿನಲ್ಲಿ ಕುದಿಸಿದ ಭಜ್ಜಿ, ಪುಂಡಿಪಲ್ಯ, ಎಣ್ಣೆಗಾಯಿ, ಕಡುಬು, ಮಜ್ಜಿಗೆ ಬೆರೆಸಿದ ಜೋಳದ ಅಂಬಲಿ ಆ ದಿನದ ಬುತ್ತಿ. ವಿಜಯಪುರ, ಕಲಬುರಗಿ, ಬೀದರಗಳಲ್ಲಿ ನಡೆಯುವಂತೆಯೇ ಲಾತೂರ, ಧಾರಾಶಿವ, ಸೊಲ್ಲಾಪುರಗಳಲ್ಲೂ ಇದು ನಡೆಯುತ್ತದೆ. ಮರಾಠಿಯವರ ಬಾಯಲ್ಲಿ ಅದು 'ವೇಳ ಅಮಾವಾಸ್ಯಾ'. ಮಹಾರಾಷ್ಟ್ರದ ಉಳಿದ ಭಾಗಗಳಿಗೆ ಈ ಹಬ್ಬದ ಪರಿಚಯವೇ ಇಲ್ಲವೆನ್ನಬಹುದು, ಅಂದರೆ ಹಬ್ಬದ ಗಡಿ ಎರೆಮಣ್ಣಿನ ಮತ್ತು ಹಿಂಗಾರಿ ಜೋಳದ ಗಡಿಗೆ ಹತ್ತಿರವಾಗಿದೆಯೇ ಹೊರತು ರಾಜ್ಯದ ಗಡಿಗಲ್ಲ.

ಪಟ್ಟಣದ ದೊಡ್ಡ ಹಬ್ಬ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ. 12ನೇ ಶತಮಾನದಲ್ಲಿ ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಕೆರೆ ಕಟ್ಟಿಸಿದ ಶಿವಯೋಗಿ ಸಿದ್ಧರಾಮನಿಗೂ ಕುಂಬಾರರ ಕನ್ಯೆಗೂ ನಡೆದ ಸಾಂಕೇತಿಕ ಮದುವೆಯನ್ನು ಪ್ರತಿವರ್ಷ ನಂದಿಧ್ವಜಗಳ ಮೆರವಣಿಗೆಯೊಂದಿಗೆ ಆಚರಿಸುತ್ತಾರೆ. 68 ಲಿಂಗಗಳಿಗೆ ಎಣ್ಣೆಮಜ್ಜನ, ಮರುದಿನ ಅಕ್ಷತೆ, ಅದರ ಮರುದಿನ ಹೋಮ ಎಂಬುದು ಕ್ರಮ, ಮೊದಲನೆಯದನ್ನು ಮರಾಠಿ ಪತ್ರಿಕೆಗಳೂ 'ಯಣ್ಣಿಮಜ್ಜನ' ಎಂದೇ ಬರೆಯುತ್ತವೆ. ಭೋಗಿಯ ದಿನ ಮನೆಮನೆಯಲ್ಲೂ ಸಜ್ಜೆ ರೊಟ್ಟಿ ಮತ್ತು ಹೊಸ ಬೆಳೆಯ ಕಾಯಿಪಲ್ಲೆಗಳ ಅಡುಗೆ ಆಗುತ್ತದೆ. ಜಾತ್ರೆಗೆ ಸುತ್ತಲಿನ ಕನ್ನಡ, ಮರಾಠಿ, ತೆಲುಗು ಹಳ್ಳಿಗಳ ಜನ ಸೇರುವುದರಿಂದ ಮನೆಯ ಅಡುಗೆ ಅಂಗಡಿಯ ಸರಕಾಗಲು ಬೇಕಾದ ಗಿರಾಕಿಗಳ ಮೊದಲ ಗುಂಪು ಇಲ್ಲೇ ಇತ್ತು.

ಎರಡನೆಯ ಗುಂಪನ್ನು ತಂದದ್ದು ರೈಲು ಮತ್ತು ಗಿರಣಿ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ 1860ರಲ್ಲಿ ಸೊಲ್ಲಾಪುರವನ್ನು ಮುಟ್ಟಿತು, 1877ರಲ್ಲಿ ಮೊದಲ ನೂಲಿನ ಗಿರಣಿ ಆರಂಭವಾಯಿತು, 1884ರಲ್ಲಿ ಹೋಟಗಿಯಿಂದ ವಿಜಯಪುರದ ಮೂಲಕ ಗದಗಿಗೆ ಹಳಿ ಬಿತ್ತು. ಪಾಳಿಯ ಮೇಲೆ ದುಡಿಯುವ ಕೂಲಿಗಾರರಿಗೆ ಹೊತ್ತಿಗೆ ಸರಿಯಾಗಿ ಒಲೆ ಹೊತ್ತಿಸುವ ಬಿಡುವಿರಲಿಲ್ಲ; ಕೆಡದ ರೊಟ್ಟಿ, ಕೆಡದ ಚಟ್ನಿ ಅವರ ಡಬ್ಬಿಗೆ ಹೇಳಿಮಾಡಿಸಿದಂತಿದ್ದವು. ತೆಲಂಗಾಣದಿಂದ ಬಂದ ಪದ್ಮಶಾಲಿ ನೇಕಾರರು, ಹುಬ್ಬಳ್ಳಿ-ಗದಗಗಳಲ್ಲೂ ಇರುವ ಸಾವಜಿ ಖಾನಾವಳಿಗಳ ಮನೆತನದವರು, ದಖ್ಖನಿ ಮುಸಲ್ಮಾನರು, ಎಲ್ಲರೂ ತಂತಮ್ಮ ಮಸಾಲೆಗಳನ್ನು ತಂದರು. ಹುರಿದ ಒಣಕೊಬ್ಬರಿ, ಎಳ್ಳು, ಕಲ್ಲುಹೂವು ಬಿದ್ದು ಕಪ್ಪಾಗುವ ಇಲ್ಲಿನ ಮಾಂಸದ ಸಾರು ಪ್ರತ್ಯೇಕ ಲೇಖನಕ್ಕೆ ತಕ್ಕ ವಸ್ತು. ಮೂರನೆಯ ಗುಂಪು ಅಕ್ಕಲಕೋಟೆಯ ಯಾತ್ರಿಕರದು. 1878ರಲ್ಲಿ ಸಮಾಧಿಸ್ಥರಾದ ಸ್ವಾಮಿ ಸಮರ್ಥರ ಸನ್ನಿಧಿಗೆ ಮುಂಬೈ-ಪುಣೆಗಳಿಂದ ಬರುವ ಭಕ್ತರು ಅನ್ನಛತ್ರದಲ್ಲಿ ಉಂಡು, ಮರಳುವಾಗ ಸೊಲ್ಲಾಪುರದಲ್ಲಿ ಇಳಿದು ಚಾದರದ ಜೊತೆಗೆ ಚಟ್ನಿಯನ್ನೂ ಕಟ್ಟಿಸಿಕೊಂಡು ಹೋಗುತ್ತಾರೆ. 'ಸೋಲಾಪುರಿ' ಎಂಬ ವಿಶೇಷಣ ಬೇಕಾಗುವುದು ಇವರಿಗೇ. ಅಕ್ಕಲಕೋಟೆಯ ಕನ್ನಡ ಮನೆಯಲ್ಲಿ ಅದು ಬರೀ ಚಟ್ನಿ.

ಊರಿನ ಹೆಸರಿಗೆ ಈಗ ಕಾನೂನಿನ ಬಲವೂ ಇದೆ. 1999ರ ಭೌಗೋಳಿಕ ಸೂಚಕಗಳ ಕಾಯ್ದೆ, ಒಂದು ಸರಕಿನ ಗುಣ ಅಥವಾ ಖ್ಯಾತಿ ಒಂದು ಪ್ರದೇಶದಿಂದಲೇ ಬಂದದ್ದೆಂದು ತೋರಿಸಿದರೆ, ಆ ಪ್ರದೇಶದ ಹೆಸರನ್ನು ಹೊರಗಿನವರು ಬಳಸದಂತೆ ಕಾಯುತ್ತದೆ. ಸೊಲ್ಲಾಪುರದ ಚಾದರ, ಸೊಲ್ಲಾಪುರದ ದಾಳಿಂಬೆ, ಮಂಗಳವೇಢೆಯ ಜೋಳ ಈ ಪಟ್ಟಿಯಲ್ಲಿವೆ, ರಾಜ್ಯದ ಗಡಿಯ ಈಚೆಗೆ ಕಲಬುರಗಿಯ ತೊಗರಿಬೇಳೆಯೂ ಇದೆ. ಕಾಯ್ದೆಗೆ ಗಡಿರೇಖೆ ಬೇಕು, ಆದರೆ ಈ ಸೀಮೆಯ ರೇಖೆಗಳೆಲ್ಲ ತೀರಾ ಈಚಿನವು. ಅಕ್ಕಲಕೋಟೆ 1948ರವರೆಗೆ ಭೋಸಲೆ ಮನೆತನದ ಪ್ರತ್ಯೇಕ ಸಂಸ್ಥಾನ. ಸೊಲ್ಲಾಪುರ ಮತ್ತು ವಿಜಯಪುರ ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಒಂದೇ ಮುಂಬಯಿ ಪ್ರಾಂತದ ನೆರೆಹೊರೆಗಳು. ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕನ್ನಡ ಭಾಗಗಳನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು 1967ರಲ್ಲಿ ಮಹಾಜನ ಆಯೋಗ ಮಾಡಿದ ಶಿಫಾರಸು ಜಾರಿಗೆ ಬರಲೇ ಇಲ್ಲ. ಮೋಹೋಳದಲ್ಲಿ ಆರಿಸಿದ ಮಾಲದಂಡಿ ಬೀಜವನ್ನು ಇಂಡಿಯ ರೈತ ಬಿತ್ತಿದರೆ ಬರುವ ಜೋಳಕ್ಕೂ ಮಂಗಳವೇಢೆಯ ಜೋಳಕ್ಕೂ ತಿನ್ನುವವರಿಗೆ ವ್ಯತ್ಯಾಸ ತಿಳಿಯುವುದು ಕಷ್ಟ, ಆದರೆ ನೋಂದಾಯಿತ ಹೆಸರು ಒಂದಕ್ಕೆ ಮಾತ್ರ ಸಲ್ಲುತ್ತದೆ. ಎರೆಪಟ್ಟಿಯ ಬಿಳಿಜೋಳಕ್ಕೆ ಎರಡೂ ರಾಜ್ಯಗಳ ರೈತರು ಸೇರಿ ಒಂದೇ ಅರ್ಜಿ ಹಾಕಿದ್ದರೆ ಹೆಚ್ಚು ನ್ಯಾಯವಾಗುತ್ತಿತ್ತು. ಬಾಸ್ಮತಿ ಅಕ್ಕಿಯ ಹೆಸರು ಹಲವು ರಾಜ್ಯಗಳಿಗೆ ಒಟ್ಟಾಗಿ ಸಂದಿರುವುದರಿಂದ ಅಂಥದ್ದು ಕಾನೂನಿಗೆ ಹೊರತಾದುದೂ ಅಲ್ಲ.

ಹೆಸರಿನ ತಂಟೆಗಿಂತ ದೊಡ್ಡದು ಧಾನ್ಯದ ತಂಟೆ. 1980ರಲ್ಲಿ ಮುಗಿದ ಉಜನಿ ಅಣೆಕಟ್ಟು ಭೀಮೆಯ ನೀರನ್ನು ಹೊಲಕ್ಕೆ ತಿರುಗಿಸಿದ ಮೇಲೆ, ಮಳೆನೆರಳಿನ ಈ ಜಿಲ್ಲೆ ಮಹಾರಾಷ್ಟ್ರದಲ್ಲೇ ಅತಿ ಹೆಚ್ಚು ಸಕ್ಕರೆ ಕಾರ್ಖಾನೆಗಳಿರುವ ಜಿಲ್ಲೆಯಾಯಿತು. ನೀರಿಲ್ಲದ ಕಡೆ ದಾಳಿಂಬೆ ಬಂತು, 2005ರಲ್ಲಿ ಅದರ ರಾಷ್ಟ್ರೀಯ ಸಂಶೋಧನಾ ಕೇಂದ್ರವೂ ಇಲ್ಲೇ ಸ್ಥಾಪನೆಯಾಯಿತು. ಹಿಂಗಾರಿ ಜೋಳವನ್ನು ಇಂದಿಗೂ ಬಹುತೇಕ ಕಡೆ ಬುಡಸಮೇತ ಕೈಯಿಂದಲೇ ಕೀಳಬೇಕು, ಆ ಕೆಲಸಕ್ಕೆ ಆಳು ಸಿಗುವುದು ವರ್ಷದಿಂದ ವರ್ಷಕ್ಕೆ ದುರ್ಲಭ. ಪಡಿತರದ ಅಂಗಡಿಯಲ್ಲಿ ದಶಕಗಳಿಂದ ಹೆಚ್ಚಾಗಿ ಸಿಗುತ್ತ ಬಂದಿರುವುದು ಗೋಧಿ ಮತ್ತು ಅಕ್ಕಿಯಾದ್ದರಿಂದ, ಒಂದು ಕಾಲಕ್ಕೆ ಬಡವರ ಕಾಳೆನಿಸಿದ್ದ ಜೋಳ ಸಂತೆಯಲ್ಲಿ ಗೋಧಿಗಿಂತ ದುಬಾರಿಯಾಗಿ, ಕೂಲಿಯ ಮನೆಗಳಲ್ಲಿ ಚಪಾತಿ ದಿನದ ಊಟವೂ ರೊಟ್ಟಿ ಹಬ್ಬದ ಊಟವೂ ಆಗುತ್ತಿದೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಪಟ್ಟಣಗಳಲ್ಲಿ ಜೋಳದ ಮಾತು ಮತ್ತೆ ಕೇಳಿಬಂತು, ಖಡಕ್ ರೊಟ್ಟಿ ಬಡಿಯುವ ಮಹಿಳಾ ಸ್ವಸಹಾಯ ಗುಂಪುಗಳ ಕೈಗೆ ಕೆಲಸವೂ ಬಂತು. ಆದರೆ ಹೊಲವುಳ್ಳವರು ತಮ್ಮ ಊಟಕ್ಕೆ ಮತ್ತು ದನಗಳ ಕಣಕಿಗೆ ಸಾಲುವಷ್ಟು ಮಾಲದಂಡಿಯನ್ನು ಒಂದೆರಡು ಎಕರೆಯಲ್ಲಿ ಬಿತ್ತಿ ಮಿಕ್ಕಿದ್ದನ್ನು ಕಬ್ಬಿಗೆ ಬಿಡುವವರೆಗೆ, ರೊಟ್ಟಿ ಮಾರುವವರು ಹಿಟ್ಟಿಗಾಗಿ ದೂರದ ಅಡತಿಗಳತ್ತ ನೋಡುವುದು ತಪ್ಪುವುದಿಲ್ಲ.